ಹೆಜ್ಜೆ ಎಣಿಸುವ ಯಂತ್ರ: ಎಲ್ಲಿ ಸಿಕ್ಕಿಸಿದರೆ ಲೆಕ್ಕ ಸರಿ?



ಊರು ಬಿಟ್ಟು ಮಕ್ಕಳ ಮನೆಗೆ ಬಂದು ನೆಲೆಸಿರುವ ಹಿರಿಯರಿಗೂ, ಅವರನ್ನು ನೋಡಿಕೊಳ್ಳುತ್ತಿರುವ ಮಗ, ಮಗಳು, ಸೊಸೆ, ಅಳಿಯಂದಿರಿಗೂ ಈ ಬಾರಿಯ ಪಾಠ. ವಿಷಯ ಚಿಕ್ಕದು. ದಿನಕ್ಕೆ ಎಷ್ಟು ಹೆಜ್ಜೆ ನಡೆದೆವು ಎಂದು ಎಣಿಸುವ ಪೆಡೋಮೀಟರನ್ನು ಮೈಮೇಲೆ ಎಲ್ಲಿ, ಹೇಗೆ ಧರಿಸಬೇಕು? ಸೊಂಟಕ್ಕೆ ಸಿಕ್ಕಿಸುವ ಪುಟ್ಟ ಡಬ್ಬಿಯಾಗಲಿ, ಕೈಗೆ ಕಟ್ಟುವ ಸ್ಮಾರ್ಟ್ ವಾಚ್ ಆಗಲಿ, ಜೇಬಿನ ಮೊಬೈಲ್ ಆಗಲಿ, ಮೂರಕ್ಕೂ ಈ ಪ್ರಶ್ನೆ ಒಂದೇ.

"ಇದೇನು ಡಾಕ್ಟ್ರೇ, ನೂರಿನ್ನೂರು ಹೆಜ್ಜೆ ಹೆಚ್ಚು ಕಡಿಮೆ ಆದರೆ ಏನಾಯ್ತು?" ಎಂದು ಕೇಳುವವರಿದ್ದಾರೆ. ನೂರಿನ್ನೂರು ಆದರೆ ಏನೂ ಇಲ್ಲ. ಆದರೆ ತಪ್ಪು ಜಾಗದಲ್ಲಿ ಧರಿಸಿದ ಯಂತ್ರ ಸಾವಿರಗಟ್ಟಲೆ ಹೆಜ್ಜೆ ತಿಂದುಹಾಕುತ್ತದೆ, ಇಲ್ಲವೇ ನಡೆಯದ ಹೆಜ್ಜೆಗಳನ್ನು ಸೇರಿಸುತ್ತದೆ. ಆ ಸಂಖ್ಯೆಯನ್ನು ನೀವು ನನ್ನ ಮುಂದೆ ಹಿಡಿದಾಗ ಅದರ ಮೇಲೆ ನಾನು "ಇನ್ನೂ ಸ್ವಲ್ಪ ಜಾಸ್ತಿ ನಡೆಯಿರಿ" ಎಂದೋ, "ಸಾಕು, ಇಷ್ಟೇ ಇರಲಿ" ಎಂದೋ ಹೇಳುತ್ತೇನೆ. ಲೆಕ್ಕ ತಪ್ಪಿದರೆ ಸಲಹೆಯೂ ತಪ್ಪುತ್ತದೆ.

*ಯಂತ್ರ ಎಣಿಸುವುದು ಹೇಗೆ?*

ಯಂತ್ರಕ್ಕೆ ನಿಮ್ಮ ಪಾದ ಕಾಣುವುದಿಲ್ಲ. ಅದಕ್ಕೆ ಗೊತ್ತಾಗುವುದು ಅಲುಗಾಟ ಮಾತ್ರ. ನಾವು ಹೆಜ್ಜೆ ಇಟ್ಟಾಗಲೆಲ್ಲ ಸೊಂಟ ತುಸು ಮೇಲೇರಿ ಇಳಿಯುತ್ತದೆ. ಹಳೆಯ ಮಾದರಿಯ ಪೆಡೋಮೀಟರಿನೊಳಗೆ ಸ್ಪ್ರಿಂಗಿಗೆ ಸಿಕ್ಕಿಸಿದ ಒಂದು ಚಿಕ್ಕ ಕಡ್ಡಿ ಇರುತ್ತದೆ. ಸೊಂಟ ಏರಿಳಿದಾಗ ಆ ಕಡ್ಡಿ ಟಿಕ್ ಎಂದು ಬಡಿಯುತ್ತದೆ, ಒಂದು ಹೆಜ್ಜೆ ದಾಖಲಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಟಿಕ್ ಟಿಕ್ ಕೇಳಿಸಿದರೆ ನಿಮ್ಮದು ಬಹುಶಃ ಈ ಜಾತಿಯದು. ಇದು ಗೋಡೆ ಗಡಿಯಾರದ ಲೋಲಕದ ಹಾಗೆ ನೆಟ್ಟಗೆ ನಿಂತಿರಬೇಕು. ವಾಲಿದರೆ ಕಡ್ಡಿ ಸರಿಯಾಗಿ ಆಡುವುದಿಲ್ಲ, ಎಣಿಕೆ ತಪ್ಪುತ್ತದೆ.

ಹೊಸ ಯಂತ್ರಗಳಲ್ಲಿ, ವಾಚು ಮತ್ತು ಮೊಬೈಲುಗಳಲ್ಲಿ ಕಡ್ಡಿಯ ಬದಲು ಒಂದು ಚಿಪ್ ಇದೆ. ಅದು ಎಲ್ಲ ದಿಕ್ಕಿನ ಅಲುಗಾಟವನ್ನೂ ಗ್ರಹಿಸುವುದರಿಂದ ಸ್ವಲ್ಪ ವಾಲಿದರೂ ನಡೆಯುತ್ತದೆ. ಆದರೆ ನಡಿಗೆಯ ಅಲುಗಾಟ ಅದಕ್ಕೆ ತಲುಪಲೇಬೇಕು. ಸಡಿಲವಾಗಿ ನೇತಾಡುತ್ತಿದ್ದರೆ, ಕೈಚೀಲದ ತಳದಲ್ಲಿದ್ದರೆ, ಅಡುಗೆಮನೆಯ ಕಟ್ಟೆಯ ಮೇಲಿದ್ದರೆ ಚಿಪ್ ಎಷ್ಟೇ ಚುರುಕಾಗಿದ್ದರೂ ಪ್ರಯೋಜನವಿಲ್ಲ.

*ಸೊಂಟದಲ್ಲಿ ಸರಿಯಾದ ಜಾಗ*

ನೆಟ್ಟಗೆ ನಿಂತುಕೊಳ್ಳಿ. ಮಂಡಿಚಿಪ್ಪಿನ ನಡುವಿನಿಂದ ತೊಡೆಯ ಮೇಲೆ ನೇರ ಒಂದು ಗೆರೆ ಎಳೆದಂತೆ ಭಾವಿಸಿ. ಆ ಗೆರೆ ಸೊಂಟಪಟ್ಟಿಯನ್ನು ಮುಟ್ಟುವ ಜಾಗದಲ್ಲಿ ಯಂತ್ರ ಸಿಕ್ಕಿಸಿ. ಎಡವೋ ಬಲವೋ ನಿಮ್ಮ ಇಷ್ಟ, ಆದರೆ ದಿನವೂ ಒಂದೇ ಕಡೆ ಇರಲಿ. ಮುಚ್ಚಳ ಇರುವ ಯಂತ್ರವಾದರೆ ಮುಚ್ಚಳ ಹಾಕಿಯೇ ನಡೆಯಿರಿ.

ಹೊಟ್ಟೆ ಮುಂದೆ ಬಂದಿರುವವರು ಇಲ್ಲಿ ಗಮನ ಕೊಡಿ. ಹೊಟ್ಟೆ ಯಂತ್ರವನ್ನು ತಳ್ಳಿದಾಗ ಅದರ ಮುಖ ಆಕಾಶ ನೋಡುತ್ತದೆ ಇಲ್ಲವೇ ನೆಲ ನೋಡುತ್ತದೆ. ಸ್ಪ್ರಿಂಗಿನ ಯಂತ್ರಗಳು ಕಡಿಮೆ ಎಣಿಸಲು ಇದು ದೊಡ್ಡ ಕಾರಣ. ಅಂಥವರು ಯಂತ್ರವನ್ನು ಪಕ್ಕಕ್ಕೆ, ಸೊಂಟದ ಎಲುಬಿನ ಕಡೆಗೆ ಸರಿಸಿ. ಅಲ್ಲೂ ವಾಲಿದರೆ ಬೆನ್ನಿನ ಕಡೆ ಸಿಕ್ಕಿಸಿ. ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು ನೋಡಿದರೆ ನೆಟ್ಟಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಇನ್ನು ಉಡುಪಿನ ಮಾತು. ಯಂತ್ರದ ಜೊತೆ ಬರುವ ಸೂಚನೆಗಳಲ್ಲಿ ಪ್ಯಾಂಟು, ಬೆಲ್ಟು ಹಾಕಿದವರ ಚಿತ್ರವೇ ಇರುತ್ತದೆ. ನಮ್ಮ ಮನೆಗಳಲ್ಲಿ ಹಾಗಿಲ್ಲವಲ್ಲ!

ಸೀರೆ ಉಡುವವರು: ಸೆರಗಿಗೋ ನೆರಿಗೆಗೋ ಸಿಕ್ಕಿಸಬೇಡಿ, ಅವು ತಮ್ಮಷ್ಟಕ್ಕೆ ಅಲುಗುತ್ತವೆ. ಒಳಗಿನ ಲಂಗದ ಸೊಂಟಪಟ್ಟಿಗೆ, ಲಾಡಿ ಬಿಗಿಯಾಗಿರುವ ಕಡೆ, ಪಕ್ಕದಲ್ಲಿ ಸಿಕ್ಕಿಸಿ.

ಪಂಚೆ ಉಡುವವರು: ಪಂಚೆಯ ಗಂಟಿಗೆ ಸಿಕ್ಕಿಸಿದರೆ ಗಂಟು ಸಡಿಲಾದಂತೆ ಯಂತ್ರವೂ ಜೋಲುತ್ತದೆ. ಪಂಚೆಯ ಮೇಲೆ ಬೆಲ್ಟ್ ಕಟ್ಟಿ ಅದಕ್ಕೆ ಸಿಕ್ಕಿಸಿ. ತಮಿಳುನಾಡಿನಲ್ಲಿ ವೇಷ್ಟಿಗೆಂದೇ ಬೆಲ್ಟ್ ಸಿಗುತ್ತದೆ.

ಚೂಡಿದಾರ್ ಹಾಕುವವರು: ಪ್ಯಾಂಟಿನ ಸೊಂಟಪಟ್ಟಿಯೇ ಸರಿ. ಉದ್ದ ಟಾಪಿನ ಅಂಚಿಗೆ ಬೇಡ.

ನೈಟಿಯಲ್ಲಿರುವಾಗ: ಸೊಂಟಪಟ್ಟಿಯೇ ಇಲ್ಲ. ಒಳಗೆ ಲಂಗ ಇದ್ದರೆ ಅದಕ್ಕೆ ಸಿಕ್ಕಿಸಿ, ಇಲ್ಲದಿದ್ದರೆ ಮನೆಯಲ್ಲಿರುವ ಹೊತ್ತಿಗೆ ಕೈಗೆ ಕಟ್ಟುವ ವಾಚೇ ವಾಸಿ.

ಕ್ಲಿಪ್ಪಿನ ಜೊತೆ ಒಂದು ದಾರವನ್ನೂ ಬಟ್ಟೆಗೆ ಪಿನ್ನು ಹಾಕಿ ಕಟ್ಟಿಕೊಳ್ಳಿ. ಶೌಚಾಲಯದಲ್ಲಿ ನೀರಿಗೆ ಬಿದ್ದು ಹೋದ ಪೆಡೋಮೀಟರುಗಳ ಕಥೆ ನನ್ನ ಬಳಿ ಬೇಕಾದಷ್ಟಿದೆ.

*ಕೈಗೆ ಕಟ್ಟುವ ವಾಚು*

ಹೆಚ್ಚು ಕೆಲಸ ಮಾಡದ ಕೈಗೆ, ಅಂದರೆ ಬಲಗೈ ರೂಢಿಯವರು ಎಡಗೈಗೆ ಕಟ್ಟಿ. ಮಣಿಕಟ್ಟಿನ ಎಲುಬಿಗಿಂತ ಒಂದು ಬೆರಳು ಮೇಲೆ, ಬಳೆಯಂತೆ ಜಾರದಷ್ಟು ಬಿಗಿಯಾಗಿರಲಿ. ಯಾವ ಕೈಗೆ ಕಟ್ಟಿದ್ದೀರಿ ಎಂದು ಕೇಳುವ ಆಯ್ಕೆ ಆ್ಯಪಿನಲ್ಲಿದ್ದರೆ ಸರಿಯಾಗಿ ತುಂಬಿ.

ವಾಚು ಎಣಿಸುವುದು ಕೈಬೀಸನ್ನು. ಕೈ ಬೀಸದೆ ನಡೆದರೆ ಅದಕ್ಕೆ ಗೊತ್ತಾಗುವುದು ಕಷ್ಟ. ನಮ್ಮ ಕೋಯಂಬೇಡು ಮಾರುಕಟ್ಟೆಯನ್ನೇ ತೆಗೆದುಕೊಳ್ಳಿ. 1996ರಲ್ಲಿ ಹಳೆಯ ಕೊತ್ತವಾಲ್ ಚಾವಡಿಯಿಂದ ಸಗಟು ವ್ಯಾಪಾರ ಇಲ್ಲಿಗೆ ಬಂದಾಗಿನಿಂದ ತರಕಾರಿ, ಹಣ್ಣು, ಹೂವು ಎಂದು ಒಂದೊಂದಕ್ಕೂ ಬೇರೆ ಬೇರೆ ಸಾಲುಗಳು. ವಾರಕ್ಕೊಮ್ಮೆ ಬೆಳಗಿನ ಜಾವ ಹೋಗಿ ಎರಡು ಸುತ್ತು ಹಾಕಿದರೆ ಒಳ್ಳೆಯ ನಡಿಗೆಯೇ ಆಗುತ್ತದೆ. ಆದರೆ ಎರಡೂ ಕೈಯಲ್ಲಿ ಟೊಮೆಟೊ, ಬೀನ್ಸ್ ಚೀಲ ಹಿಡಿದು ನಡೆದಾಗ ಕೈ ಕೆಳಕ್ಕೆ ಬಿಗಿದು ನಿಂತಿರುತ್ತದೆ, ವಾಚು ಬಹಳಷ್ಟು ಹೆಜ್ಜೆಗಳನ್ನು ಬಿಟ್ಟುಬಿಡುತ್ತದೆ. ಮೆಟ್ರೋ ನಿಲ್ದಾಣದ ಮೆಟ್ಟಿಲಲ್ಲಿ ಕಂಬಿ ಹಿಡಿದು ಹತ್ತುವಾಗ, ಮೊಮ್ಮಗುವಿನ ತಳ್ಳುಗಾಡಿ ತಳ್ಳುವಾಗ, ಕೊಡೆ ಹಿಡಿದಾಗ, ಊರುಗೋಲು ಹಿಡಿದ ಕೈಗೆ ವಾಚು ಕಟ್ಟಿದಾಗ ಕೂಡ ಇದೇ ಕಥೆ.

ಇದರ ಉಲ್ಟಾ ಕೂಡ ಉಂಟು. ಚಪಾತಿ ಲಟ್ಟಿಸುವಾಗ, ಬಟ್ಟೆ ಒಗೆಯುವಾಗ, ಭಜನೆಯಲ್ಲಿ ಚಪ್ಪಾಳೆ ತಟ್ಟುವಾಗ ಕುಳಿತಲ್ಲೇ ಹೆಜ್ಜೆ ಏರುತ್ತದೆ. ಆದ್ದರಿಂದ ಮಾರುಕಟ್ಟೆಗೆ ಹೋಗುವಾಗ ಸೊಂಟದ ಯಂತ್ರ ಅಥವಾ ಪ್ಯಾಂಟಿನ ಜೇಬಿನ ಮೊಬೈಲನ್ನು ನಂಬಿ. ಭಜನೆಯ ಹೊತ್ತಿಗೆ ವಾಚನ್ನು ಬಿಚ್ಚಿಡಿ.

*ಮೊಬೈಲ್*

ಪ್ಯಾಂಟಿನ ಮುಂದಿನ ಜೇಬು ಒಳ್ಳೆಯದು. ತೊಡೆಯ ಚಲನೆ ಅದಕ್ಕೆ ನೇರವಾಗಿ ಮುಟ್ಟುತ್ತದೆ. ಭುಜಕ್ಕೆ ನೇತುಹಾಕಿದ ಚೀಲದಲ್ಲಿದ್ದರೆ ಲೆಕ್ಕ ನಂಬುವಂತಿಲ್ಲ. ಚಾರ್ಜಿಗೆ ಹಾಕಿದ ಮೊಬೈಲ್ ಒಂದು ಹೆಜ್ಜೆಯನ್ನೂ ಎಣಿಸುವುದಿಲ್ಲ. ಮೊಬೈಲಿನ ಲೆಕ್ಕವನ್ನೂ ವಾಚಿನ ಲೆಕ್ಕವನ್ನೂ ಕೂಡಿಸಬೇಡಿ, ಒಂದೇ ಹೆಜ್ಜೆ ಎರಡು ಸಲ ಬರುತ್ತದೆ.

ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಮುಖ್ಯವಾದ ಮಾತು: ಮೊಬೈಲನ್ನು ಅಂಗಿಯ ಎದೆಜೇಬಿನಲ್ಲಿ ಇಡಬೇಡಿ. ಕೆಲವು ಮೊಬೈಲು, ವಾಚುಗಳಲ್ಲಿ ಬಲವಾದ ಅಯಸ್ಕಾಂತ ಇರುತ್ತದೆ. ಪೇಸ್‌ಮೇಕರಿನಿಂದ ಕನಿಷ್ಠ 15 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗೇಣಿನಷ್ಟು ದೂರ ಇರಲಿ.

ಸೀರೆಯುಡುವ ತಾಯಂದಿರ ಬಗ್ಗೆ ಒಂದು ಮಾತು. ನನ್ನಲ್ಲಿಗೆ ಬಂದ ಒಬ್ಬ ತಾಯಿಯ ಮೊಬೈಲಿನಲ್ಲಿ ದಿನಕ್ಕೆ ಸುಮಾರು 1,100 ಹೆಜ್ಜೆ. "ಅಮ್ಮ ಕೂತಲ್ಲಿಂದ ಏಳೋದೇ ಇಲ್ಲ ಡಾಕ್ಟ್ರೇ" ಎಂದು ಮಗನ ದೂರು. ವಿಚಾರಿಸಿದರೆ ಮೊಬೈಲ್ ದಿನವಿಡೀ ಫ್ರಿಜ್ಜಿನ ಮೇಲೆ. ಲಂಗದ ಪಟ್ಟಿಗೆ ಪೆಡೋಮೀಟರ್ ಸಿಕ್ಕಿಸಿ ಒಂದು ವಾರ ನೋಡಿದಾಗ ಸರಾಸರಿ 5,000 ದಾಟಿತ್ತು. ಸುಸ್ತು ಎಂದು ಅವರು ಹೇಳುತ್ತಿದ್ದದ್ದು ಸೋಮಾರಿತನದ ಮಾತಾಗಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಇತ್ತು. "ನಡೆಯಮ್ಮ, ನಡೆಯಮ್ಮ" ಎಂದು ತಳ್ಳುವುದಕ್ಕೆ ಮೊದಲು ಯಂತ್ರ ಎಲ್ಲಿತ್ತು ಎಂದು ಕೇಳಿ.

*ನೂರು ಹೆಜ್ಜೆಯ ಪರೀಕ್ಷೆ*

ನಿಮ್ಮ ಯಂತ್ರ ನಿಮ್ಮ ಮೈಮೇಲೆ ಸರಿಯಾಗಿ ಎಣಿಸುತ್ತದೆಯೇ? ಐದು ನಿಮಿಷದ ಕೆಲಸ.

1. ಅಪಾರ್ಟ್‌ಮೆಂಟಿನ ವರಾಂಡ, ಮಹಡಿ, ಪಾರ್ಕು, ಹೀಗೆ ಸಮತಟ್ಟಾದ ಜಾಗ ಆರಿಸಿ.
2. ಯಂತ್ರದಲ್ಲಿ ಈಗಿರುವ ಸಂಖ್ಯೆ ಬರೆದುಕೊಳ್ಳಿ.
3. ದಿನವೂ ನಡೆಯುವ ವೇಗದಲ್ಲೇ, ಬಾಯಲ್ಲಿ ಎಣಿಸುತ್ತ, ಸರಿಯಾಗಿ 100 ಹೆಜ್ಜೆ ನಡೆಯಿರಿ.
4. ನಿಂತು ಅರ್ಧ ನಿಮಿಷ ಕಾದು ಮತ್ತೆ ಸಂಖ್ಯೆ ನೋಡಿ. ವಾಚುಗಳು ತುಸು ತಡವಾಗಿ ತೋರಿಸುತ್ತವೆ.
5. ವ್ಯತ್ಯಾಸ 97ರಿಂದ 103ರೊಳಗಿದ್ದರೆ ಬಹಳ ಒಳ್ಳೆಯದು. 90ಕ್ಕಿಂತ ಕಡಿಮೆ ಅಥವಾ 110ಕ್ಕಿಂತ ಹೆಚ್ಚು ಬಂದರೆ ಯಂತ್ರದ ಜಾಗ ಬದಲಿಸಿ ಮತ್ತೆ ಪರೀಕ್ಷಿಸಿ. ನಡುವಿನ ಸಂಖ್ಯೆ ಬಂದರೂ ಒಮ್ಮೆ ಜಾಗ ಸರಿಸಿ ನೋಡುವುದು ಒಳ್ಳೆಯದು.

ಮೂರು ಜಾಗ ಪ್ರಯತ್ನಿಸಿ, ಹೆಚ್ಚು ಸರಿಯಾಗಿ ಎಣಿಸಿದ ಜಾಗವನ್ನೇ ಖಾಯಂ ಮಾಡಿಕೊಳ್ಳಿ. ಎಲ್ಲೂ ಸರಿಬರದಿದ್ದರೆ ಬ್ಯಾಟರಿ ಬದಲಿಸಿ ನೋಡಿ, ಆಮೇಲೂ ಆಗದಿದ್ದರೆ ಆ ಯಂತ್ರ ನಿಮಗೆ ಹೊಂದುವುದಿಲ್ಲ. ನೂರಕ್ಕೆ 70 ಎಣಿಸುವ ಯಂತ್ರದಲ್ಲಿ ನಿಜವಾದ 6,000 ಹೆಜ್ಜೆ 4,200 ಎಂದು ಕಾಣುತ್ತದೆ. 1,800 ಹೆಜ್ಜೆ ಎಲ್ಲೋ ಮಾಯ!

ಇಪ್ಪತ್ತು ಹೆಜ್ಜೆಗೇ ಪರೀಕ್ಷೆ ಮುಗಿಸಬೇಡಿ. ಹಲವು ಹೊಸ ಯಂತ್ರಗಳು ಸತತ ಕೆಲವು ಹೆಜ್ಜೆ ನಡೆದ ಮೇಲೆಯೇ "ಇವರು ನಿಜವಾಗಿ ನಡೆಯುತ್ತಿದ್ದಾರೆ" ಎಂದು ಒಪ್ಪುತ್ತವೆ. ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಫ್ರಿಜ್ಜಿಗೆ ಇಡುವ ಮೂರು ನಾಲ್ಕು ಹೆಜ್ಜೆ ಲೆಕ್ಕಕ್ಕೆ ಬಾರದಿರಲು ಇದೇ ಕಾರಣ. ಬಸ್ಸು, ಆಟೋದ ಕುಲುಕಾಟ ಹೆಜ್ಜೆಯಾಗದಿರಲಿ ಎಂದು ಹೀಗೆ ಮಾಡಿರುತ್ತಾರೆ. ಸ್ಪ್ರಿಂಗಿನ ಯಂತ್ರಕ್ಕೆ ಆ ಬುದ್ಧಿ ಇಲ್ಲ. ಬಸ್ಸಿನಲ್ಲಿ ದೂರ ಹೋಗುವಾಗ ಅದನ್ನು ಬಿಚ್ಚಿ ಚೀಲದಲ್ಲಿ ಮಲಗಿಸಿಡಿ.

*ನಿಧಾನ ನಡೆಯುವವರಿಗೆ*

ಮಂಡಿನೋವು, ಪಾರ್ಕಿನ್ಸನ್ ಕಾಯಿಲೆ, ಲಕ್ವ ಹೊಡೆದು ಚೇತರಿಸಿಕೊಂಡವರು ಕಾಲು ಎಳೆದುಕೊಂಡು ನಡೆಯುತ್ತಾರೆ. ಸೊಂಟ ಅಷ್ಟಾಗಿ ಏರಿಳಿಯುವುದಿಲ್ಲ, ಆದ್ದರಿಂದ ಹೆಚ್ಚಿನ ಯಂತ್ರಗಳು ಇವರ ಹೆಜ್ಜೆಯನ್ನು ಕಡಿಮೆ ಎಣಿಸುತ್ತವೆ. ಇಂಥವರಿಗೆ ವಾಚನ್ನು ಕಾಲಿಗೆ, ಗೆಜ್ಜೆ ಕಟ್ಟುವ ಜಾಗದಲ್ಲಿ ಕಟ್ಟಿ ನೂರು ಹೆಜ್ಜೆಯ ಪರೀಕ್ಷೆ ಮಾಡಿ ನೋಡಿ, ಎಷ್ಟೋ ಸಲ ಎಣಿಕೆ ಸುಧಾರಿಸುತ್ತದೆ. ಪಟ್ಟಿ ಬಿಗಿಯಾಗಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು, ಕಾಲು ಊದಿಕೊಂಡವರು ಈ ಉಪಾಯ ಮಾಡಬೇಡಿ. ಅವರು ಹೆಜ್ಜೆಯ ಬದಲು ನಿಮಿಷದ ಲೆಕ್ಕ ಇಟ್ಟರೆ ಸಾಕು.

*ದೂರ ಮತ್ತು ಕ್ಯಾಲೊರಿ ನಂಬಬೇಡಿ*

ಯಂತ್ರ ತೋರಿಸುವ ಕಿಲೋಮೀಟರ್ ಹೆಜ್ಜೆಯ ಉದ್ದವನ್ನು ಅವಲಂಬಿಸಿದೆ. 20 ಹೆಜ್ಜೆ ನಡೆದು ದೂರ ಅಳೆಯಿರಿ. 11 ಮೀಟರ್ ಬಂದರೆ ನಿಮ್ಮ ಹೆಜ್ಜೆ 55 ಸೆಂಟಿಮೀಟರ್. ಆಗ 6,000 ಹೆಜ್ಜೆ ಅಂದರೆ 3.3 ಕಿಲೋಮೀಟರ್. ಯಂತ್ರದಲ್ಲಿ ಮೊದಲೇ 75 ಸೆಂಟಿಮೀಟರ್ ಎಂದು ತುಂಬಿದ್ದರೆ ಅದೇ ನಡಿಗೆಗೆ 4.5 ಕಿಲೋಮೀಟರ್ ತೋರಿಸುತ್ತದೆ. ಕ್ಯಾಲೊರಿಯದು ಇನ್ನೂ ಒರಟು ಅಂದಾಜು. "300 ಕ್ಯಾಲೊರಿ ಕರಗಿದೆ" ಎಂದು ದಾರಿಯಲ್ಲಿ ಎರಡು ವಡೆ ತಿನ್ನುವ ಲೆಕ್ಕ ಬೇಡ.

*ಎಷ್ಟು ಹೆಜ್ಜೆ ಬೇಕು?*

"ದಿನಕ್ಕೆ 10,000" ಎಂಬ ಮಾತು ವೈದ್ಯರು ಹುಟ್ಟುಹಾಕಿದ್ದಲ್ಲ. 1965ರಲ್ಲಿ ಜಪಾನಿನ ಯಮಾಸಾ ಕಂಪನಿ "ಮಾನ್‌ಪೋ ಕೇ" ಎಂಬ ಪೆಡೋಮೀಟರ್ ಮಾರುಕಟ್ಟೆಗೆ ಬಿಟ್ಟಿತು. ಆ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಅಳತೆಗಾರ. ಹೆಸರು ಜನಪ್ರಿಯವಾಯಿತು, ಸಂಖ್ಯೆ ಜಗತ್ತಿನಲ್ಲೆಲ್ಲ ಹರಡಿತು.

ಆಮೇಲೆ ಬಂದ ಅಧ್ಯಯನಗಳು ಹಿರಿಯರಿಗೆ ಸಮಾಧಾನದ ಸುದ್ದಿ ಕೊಟ್ಟಿವೆ. ಸರಾಸರಿ 72 ವರ್ಷದ 16,000ಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ ಆಗಲೇ ಸಾಕಷ್ಟು ಕಡಿಮೆ ಇತ್ತು. 7,500ರ ಸುಮಾರಿಗೆ ಲಾಭ ಒಂದು ಮಟ್ಟಕ್ಕೆ ಬಂದು ನಿಂತಿತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2025ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಕೂಡ ಹೆಚ್ಚಿನವರಿಗೆ 7,000 ಒಳ್ಳೆಯ ಗುರಿ ಎಂದಿತು. ಆರೋಗ್ಯವಂತರು ಹೇಗೂ ಹೆಚ್ಚು ನಡೆಯುತ್ತಾರೆ, ಹಾಗಾಗಿ ಪೂರ್ತಿ ಶ್ರೇಯಸ್ಸು ನಡಿಗೆಗೇ ಸೇರದು. ಆದರೂ ದಾರಿ ಸ್ಪಷ್ಟ: ಕಡಿಮೆ ನಡೆಯುವವರು ಸ್ವಲ್ಪ ಹೆಚ್ಚು ನಡೆದರೆ ಲಾಭ ದೊಡ್ಡದು.

ಮೊದಲ 7 ದಿನ ಏನನ್ನೂ ಬದಲಿಸಬೇಡಿ. ಎದ್ದು ಬಟ್ಟೆ ಹಾಕಿಕೊಂಡಾಗ ಯಂತ್ರ ಧರಿಸಿ, ಮಲಗುವಾಗ ಬಿಚ್ಚಿ, ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಏಳು ದಿನದ್ದನ್ನು ಕೂಡಿಸಿ ಏಳರಿಂದ ಭಾಗಿಸಿ. ಸರಾಸರಿ 3,200 ಬಂದರೆ ಮುಂದಿನ ಎರಡು ವಾರಕ್ಕೆ 3,700 ಗುರಿ, ಅದಾದ ಮೇಲೆ 4,200. ಹೀಗೆ ಎರಡು ವಾರಕ್ಕೊಮ್ಮೆ 500 ಹೆಚ್ಚಿಸಿ. ನಿಮ್ಮ ಇಂದಿನ ಸಂಖ್ಯೆಯನ್ನು ನಿಮ್ಮದೇ ನಿನ್ನೆಯ ಸಂಖ್ಯೆಗೆ ಹೋಲಿಸಿ, ಪಕ್ಕದ ಮನೆಯವರದಕ್ಕಲ್ಲ. ಇತ್ತೀಚೆಗೆ ಹೃದಯಾಘಾತ, ಸ್ಟೆಂಟ್ ಅಥವಾ ಬೈಪಾಸ್ ಆದವರ ಗುರಿಯನ್ನು ಅವರ ವೈದ್ಯರೇ ಹೇಳಬೇಕು.

ನಡೆಯಲು ಜಾಗವಿಲ್ಲ ಎನ್ನಬೇಡಿ. ಅಣ್ಣಾನಗರದ ಟವರ್ ಪಾರ್ಕ್ ನಮಗೆ ದೂರವಿಲ್ಲ. 1968ರ ವ್ಯಾಪಾರ ಮೇಳಕ್ಕಾಗಿ ಕಟ್ಟಿದ ಆ ಗೋಪುರಕ್ಕೆ ಇರುವುದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ಚೆನ್ನೈ ಬಿಸಿಲು ನೆನಪಿರಲಿ. ಏಪ್ರಿಲಿನಿಂದ ಜೂನ್‌ವರೆಗೆ ಬೆಳಿಗ್ಗೆ 7ರೊಳಗೆ ಮುಗಿಸಿ. ಬಿಪಿಗೆ, ಹೃದಯಕ್ಕೆ ಎಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬಿಸಿಲಲ್ಲಿ ತಲೆಸುತ್ತಿ ಬೀಳಬಹುದು.

*ಸರಿಯಾದ ಲೆಕ್ಕ ಜೀವ ಉಳಿಸುವುದು ಹೇಗೆ?*

ನನಗೆ ನೀವು ಎಷ್ಟು ಹೆಚ್ಚು ನಡೆದಿರಿ ಎಂಬುದಕ್ಕಿಂತ ಲೆಕ್ಕ ಯಾವಾಗ ಇಳಿಯಿತು ಎಂಬುದು ಮುಖ್ಯ. ಹೃದಯದ ರಕ್ತನಾಳ ಕಿರಿದಾಗುತ್ತ ಬಂದಾಗ ಎಲ್ಲರಿಗೂ ಎದೆನೋವು ಬರುವುದಿಲ್ಲ. ಎಷ್ಟೋ ಹಿರಿಯರು ತಮಗೇ ತಿಳಿಯದಂತೆ ನಡಿಗೆ ಮೊಟಕು ಮಾಡುತ್ತಾರೆ. ಮೂರು ಸುತ್ತಿನ ಬದಲು ಎರಡು, ಮೆಟ್ಟಿಲಿನ ಬದಲು ಲಿಫ್ಟ್. ಕೇಳಿದರೆ "ವಯಸ್ಸಾಯ್ತಲ್ಲ" ಎನ್ನುತ್ತಾರೆ.

ದಾವಣಗೆರೆ ಕಡೆಯ ಒಬ್ಬ ಹಿರಿಯರು ಇಲ್ಲಿ ಮಗಳ ಮನೆಯಲ್ಲಿದ್ದಾರೆ. ಅದೇ ಬೆಲ್ಟು, ಅದೇ ಜಾಗ, ತಿಂಗಳುಗಟ್ಟಲೆ ದಿನಕ್ಕೆ 6,000 ಆಸುಪಾಸು. ಒಂದು ತಿಂಗಳಲ್ಲಿ ಅದು 3,500ಕ್ಕೆ ಇಳಿಯಿತು. ನೋವಿಲ್ಲ, ಜ್ವರವಿಲ್ಲ, ಮಂಡಿಯೂ ಚೆನ್ನಾಗಿದೆ. ಮಗಳು ಕ್ಯಾಲೆಂಡರಿನ ಹಾಳೆಯನ್ನೇ ಹರಿದು ತಂದು ತೋರಿಸಿದರು. ಪರೀಕ್ಷೆ ಮಾಡಿಸಿದಾಗ ಹೃದಯದ ಮುಖ್ಯ ರಕ್ತನಾಳವೊಂದು ಬಹಳ ಕಿರಿದಾಗಿತ್ತು. ಹೃದಯಾಘಾತ ಆಗುವ ಮೊದಲೇ ಚಿಕಿತ್ಸೆ ಆಯಿತು. ಯಂತ್ರ ಒಂದು ದಿನ ಜೇಬಲ್ಲಿ, ಒಂದು ದಿನ ಚೀಲದಲ್ಲಿ ಇದ್ದಿದ್ದರೆ "ಲೆಕ್ಕ ತಪ್ಪಿರಬೇಕು ಬಿಡಿ" ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ದಿನವೂ ಒಂದೇ ಜಾಗದಲ್ಲಿ ಇದ್ದದ್ದರಿಂದ ಆ ಇಳಿಕೆಯನ್ನು ನಂಬಲು ಸಾಧ್ಯವಾಯಿತು.

ಆದ್ದರಿಂದ ಜಾಗ ಬದಲಿಸದೆ, ಪ್ರಯಾಣ ಅಥವಾ ಮಳೆಯ ಕಾರಣವೂ ಇಲ್ಲದೆ, ಎರಡು ವಾರದ ಸರಾಸರಿ ಮೂರನೇ ಒಂದು ಭಾಗದಷ್ಟು ಇಳಿದರೆ ವೈದ್ಯರಿಗೆ ತೋರಿಸಿ. ಹೃದಯದ ಬಲ ಕುಂದಿದೆ ಎಂದು ಹೇಳಿಸಿಕೊಂಡವರು ಹೆಜ್ಜೆ ಇಳಿಯುವುದರ ಜೊತೆಗೆ ಪಾದ ಊದಿದರೆ, ವಾರದಲ್ಲಿ 2 ಕೆಜಿ ತೂಕ ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ ತಡಮಾಡಬೇಡಿ.

ನಡೆಯುವಾಗ ಎದೆ ಹಿಂಡಿದಂತಾದರೆ, ನೋವು ತೋಳಿಗೆ ದವಡೆಗೆ ಹರಡಿದರೆ, ತಣ್ಣನೆಯ ಬೆವರು ಬಂದರೆ ಅಲ್ಲೇ ಕೂತುಬಿಡಿ. "ಇನ್ನು ಐನೂರು ಹೆಜ್ಜೆ ಬಾಕಿ" ಎನ್ನಬೇಡಿ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ಊರಿನ ಹಾಗೆಯೇ ಇಲ್ಲೂ ಅದೇ ನಂಬರು. ಕಡಿಮೆಯಾದರೂ ಅದೇ ದಿನ ವೈದ್ಯರನ್ನು ಕಾಣಿ. ತಮಿಳು ಬಾರದ ಹಿರಿಯರು ಮೂರು ಮಾತು ಕಲಿತಿಟ್ಟುಕೊಳ್ಳಿ: "ನೆಂಜು ವಲಿ" ಅಂದರೆ ಎದೆನೋವು, "ಮೂಚ್ಚು ವಾಂಗುದು" ಅಂದರೆ ಏದುಸಿರು, "ಮಯಕ್ಕಂ" ಅಂದರೆ ತಲೆಸುತ್ತು. ದಾರಿಯಲ್ಲಿ ಯಾರಾದರೂ ನೆರವಿಗೆ ಬಂದೇ ಬರುತ್ತಾರೆ. ಮಗನದೋ ಮಗಳದೋ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ.

*ನೆನಪಿಡಲು*

✅ ಮಂಡಿಯ ನೇರಕ್ಕೆ, ಸೊಂಟಪಟ್ಟಿಯಲ್ಲಿ, ನೆಟ್ಟಗೆ, ಬಿಗಿಯಾಗಿ.
✅ ಹೊಟ್ಟೆ ಇದ್ದರೆ ಪಕ್ಕಕ್ಕೆ. ಸೀರೆಗೆ ಲಂಗದ ಪಟ್ಟಿ, ಪಂಚೆಗೆ ಬೆಲ್ಟ್.
✅ ಕೈಯಲ್ಲಿ ಚೀಲ ಇದ್ದಾಗ ವಾಚನ್ನು ನಂಬಬೇಡಿ.
✅ ತಿಂಗಳಿಗೊಮ್ಮೆ ನೂರು ಹೆಜ್ಜೆಯ ಪರೀಕ್ಷೆ.
✅ ದಿನವೂ ಒಂದೇ ಯಂತ್ರ, ಒಂದೇ ಜಾಗ, ಕ್ಯಾಲೆಂಡರಿನಲ್ಲಿ ಬರಹ.
✅ ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಹಾಳೆ ಮಾತ್ರೆ ಚೀಟಿಯ ಜೊತೆಗಿರಲಿ.

ಓದಲು ಕಷ್ಟಪಡುವ ಹಿರಿಯರಿಗೆ ಇದನ್ನು ಓದಿ ಹೇಳಿ. ಈ ಭಾನುವಾರ ನೀವೇ ಅವರ ಯಂತ್ರವನ್ನು ಸರಿಯಾದ ಜಾಗಕ್ಕೆ ಸಿಕ್ಕಿಸಿ, ಜೊತೆಯಲ್ಲಿ ನೂರು ಹೆಜ್ಜೆ ಎಣಿಸಿ. ಎಣಿಸುವ ನೆಪದಲ್ಲಿ ಅಪ್ಪ ಅಮ್ಮನ ಜೊತೆ ನೀವೂ ನಡೆದಂತಾಯಿತು.

ಈ ಬರಹ ತಿಳಿವಳಿಕೆಗಾಗಿ. ನಿಮ್ಮ ಮಾತ್ರೆ, ಚಿಕಿತ್ಸೆಯ ಬದಲಾವಣೆ ನಿಮ್ಮ ವೈದ್ಯರನ್ನು ಕೇಳಿಯೇ ಆಗಲಿ.

ಎಲ್ಲರಿಗೂ ಒಳ್ಳೆಯದಾಗಲಿ 🙏

ಹೃದ್ರೋಗ ತಜ್ಞರು, ಎಂ.ಡಿ., ಕೋಯಂಬೇಡು, ಚೆನ್ನೈ